ಥ ಅಕ್ಷರದ ಹೊಟ್ಟೆಯ ಚುಕ್ಕೆ

ಮಾರ್ಚ್ 4, ಸೋಮವಾರ

ಚೂಟಿ ಹೊಸ ಮಾನಿಟರ್ ಕೊಳ್ಳುತ್ತಿದ್ದಾಳೆ. ಇದು ಸುದ್ದಿಯಲ್ಲ, ಅವಳ ಹಳೆಯದು ಆರು ತಿಂಗಳಿಂದ ಬಲಗಡೆ ಹಸಿರು ಗೆರೆ ಬಿಡುತ್ತಿದೆ. ಯಾವುದನ್ನು ಕೊಳ್ಳಬೇಕೆಂದು ಅವಳು ಅಳತೆಗೋಲನ್ನು ಕೇಳಿದ್ದಾಳೆ. ಇದು ಸುದ್ದಿ.

ಅಕ್ಕನ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಗೊತ್ತಾಯಿತು. ನಗುನಗುತ್ತಲೇ ಕೇಳಿದೆ: "ನನ್ನನ್ನ ಯಾಕೆ ಕೇಳಲಿಲ್ವಂತೆ ನಿನ್ನ ಮಗಳು?"

"ನಿಂಗೆ ಕೆಲಸ ಇರುತ್ತೆ ಅಂತ ಇರ್ಬೇಕು ಕಣೋ."

"ನಂಗೆ ಯಾವತ್ತು ಕೆಲಸ ಇತ್ತು?"

"ಅದೂ ಸರಿ" ಎಂದಳು ಅಕ್ಕ. ಸಮಾಧಾನ ಮಾಡುವ ಕಲೆ ಅವಳಿಗೆ ಮೊದಲಿನಿಂದಲೂ ಬರುವುದಿಲ್ಲ.

ಭಾವ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅಂದಿನಿಂದ ಆ ಮನೆಯೊಳಗೆ ಯಾವ ಯಂತ್ರ ಕಾಲಿಟ್ಟರೂ ನಾನು ನೋಡಿ ಒಪ್ಪಿದ ಮೇಲೆಯೇ. ಫ್ರಿಜ್ಜು, ವಾಷಿಂಗ್ ಮೆಷೀನು, ನಡುಮನೆಯ ಫ್ಯಾನು, ಚೂಟಿಯ ಮೊದಲ ಕಂಪ್ಯೂಟರ್. ಫ್ಯಾನು ಸ್ವಲ್ಪ ಶಬ್ದ ಮಾಡುತ್ತದೆ ನಿಜ, ಆದರೆ ಅದು ಗಾಳಿಯ ಶಬ್ದ. ಚೂಟಿಗೆ ಪುಟ ಜೋಡಿಸುವ ಕೆಲಸ ಕಲಿಸಿದವನೂ ನಾನೇ. ಮದುವೆ ಮಾಡಿಕೊಳ್ಳದ ನನಗೆ ಪಕ್ಕದ ಮನೆಯ ಆ ಹುಡುಗಿಯೇ ಮಗಳು, ಶಿಷ್ಯೆ, ಶತ್ರು ಎಲ್ಲವೂ.

ಅಳತೆಗೋಲು ಎಂದರೆ ಭಾವನ ತಮ್ಮ, ಅವಳ ಚಿಕ್ಕಪ್ಪ. ಮೂವತ್ತು ವರ್ಷ ಸರ್ವೆ ಇಲಾಖೆಯಲ್ಲಿ ಭೂಮಿ ಅಳೆದು, ನಿವೃತ್ತನಾಗಿ, ಮೂರು ತಿಂಗಳ ಹಿಂದೆ ಅಕ್ಕನ ಮನೆಯ ಮಹಡಿಗೆ ಬಂದು ಇಳಿದಿದ್ದಾನೆ. ಜೇಬಿನಲ್ಲಿ ಸದಾ ಟೇಪು. ಇರಲಿ. ಚೂಟಿ ಅವನಿಗೆ ‘ನೀವು’ ಎನ್ನುತ್ತಾಳೆ. ನನಗೆ ‘ನೀನು’ ಎನ್ನುತ್ತಾಳೆ. ಅಳೆಯುವವನು ಇದನ್ನೂ ಅಳೆದುಕೊಳ್ಳಲಿ.

ಮಾರ್ಚ್ 5, ಮಂಗಳವಾರ

ಸ್ಕ್ರೂಡ್ರೈವರ್ ಬೇಕೆಂಬ ನೆಪದಲ್ಲಿ ಹೋಗಿದ್ದೆ. ನನ್ನ ಮನೆಯಲ್ಲಿ ನಾಲ್ಕಿವೆ.

ಅಳತೆಗೋಲು ಚೂಟಿಯ ಮೇಜಿನಿಂದ ಅವಳ ಮೂಗಿನ ತುದಿಯವರೆಗೆ ಟೇಪು ಎಳೆದು ನಿಂತಿದ್ದ.

"ಎರಡೂವರೆ ಅಡಿ. ಇಷ್ಟು ದೂರಕ್ಕೆ ಇಪ್ಪತ್ತೇಳು ಇಂಚು ಸಾಕಮ್ಮ. ಆದ್ರೆ ನಾಲ್ಕು ಕೆ ಇರ್ಲಿ. ಅಕ್ಷರ ಅಚ್ಚು ಹಾಕಿದ ಹಾಗೆ ಕಾಣುತ್ತೆ."

"ಆಟಕ್ಕೆ ಚಿಕ್ಕಪ್ಪ? ನನ್ನ ಕಂಪ್ಯೂಟರ್‌ಗೆ ಅಷ್ಟು ಚುಕ್ಕೆ ಎಳೆಯೋ ಶಕ್ತಿ ಇಲ್ಲ."

"ಆಟ ಆಡುವಾಗ ಮಟ್ಟ ಸ್ವಲ್ಪ ಇಳಿಸ್ಕೊಂಡ್ರಾಯ್ತು. ಹಗಲು ಕೆಲಸಕ್ಕೆ ಪೂರ್ತಿ, ಸಂಜೆ ಕಾರ್ ರೇಸಿಗೆ ಕಮ್ಮಿ."

ನಾನು ಸುಮ್ಮನಿರಬೇಕಿತ್ತು. "ನಾಲ್ಕು ಕೆ ನಂಗೂ ಗೊತ್ತು. ಕ, ಕಾ, ಕಿ, ಕೀ. ನಮ್ಮೂರ ಶಾಲೇಲಿ ಒಂದನೇ ಕ್ಲಾಸಿಗೇ ಹೇಳ್ಕೊಟ್ಟಿದ್ರು" ಎಂದೆ.

ಚೂಟಿ ನಕ್ಕಳು. ಅವನೂ ನಕ್ಕ, ಅದು ಇಷ್ಟವಾಗಲಿಲ್ಲ.

"ಮಾವ, ನೀನೇನಂತೀಯ ಹೇಳು. ಇಪ್ಪತ್ತೇಳಾ, ಮೂವತ್ತೆರಡಾ?"

ಕೇಳಿದಳು! ಇದೇ ಕ್ಷಣಕ್ಕೆ ನಿನ್ನೆಯಿಂದ ಕಾಯುತ್ತಿದ್ದೆ. ಆದರೆ ಎರಡನೆಯವನಾಗಿ ಕೇಳಿಸಿಕೊಳ್ಳುವುದೆಂದರೆ ಬೇರೆಯವರು ಉಂಡ ತಟ್ಟೆಯಲ್ಲಿ ಊಟಕ್ಕೆ ಕೂತ ಹಾಗೆ. "ನಂಗೇನು ಗೊತ್ತಮ್ಮ, ನಾನು ಹಳ್ಳಿ ಶಾಲೆಯವನು. ದೊಡ್ಡೋರಿದ್ದಾರಲ್ಲ, ಕೇಳು" ಎಂದು ಎದ್ದು ಬಂದೆ.

ಸ್ಕ್ರೂಡ್ರೈವರ್ ತರುವುದನ್ನೇ ಮರೆತೆ. ಈಗ ಅದನ್ನು ಕೇಳಲು ಹೋಗುವ ಹಾಗಿಲ್ಲ.

ಮಾರ್ಚ್ 7, ಗುರುವಾರ

ಅಂಗಡಿಗೆ ಹೋಗಿ ಸ್ವತಃ ಪರೀಕ್ಷೆ ಮಾಡಿದೆ. ಮೋಸ ಪತ್ತೆಯಾಯಿತು!

ಅಂಗಡಿಯಾಕೆ ಎರಡು ಮಾನಿಟರ್‌ಗಳನ್ನು ಅಕ್ಕಪಕ್ಕ ಇಟ್ಟು ಒಂದೇ ಚಿತ್ರ ಹಾಕಿದರು. "ಇದು ಸಾಧಾರಣದ್ದು, ಇದು ನಾಲ್ಕು ಕೆ. ಎಲೆ ಮೇಲಿನ ನರ ನೋಡಿ ಸಾರ್, ಎಷ್ಟು ವ್ಯತ್ಯಾಸ."

"ಯಾವ ನರ?"

"ಇಲ್ಲಿ, ಎಲೆ ನಡುವೆ."

"ಎಲೆ ಎಲ್ಲಿ?"

ಆಕೆ ನನ್ನ ಮುಖ ನೋಡಿ ಸುಮ್ಮನಾದರು. ಕಳ್ಳತನ ಸಿಕ್ಕಿಬಿದ್ದಾಗ ಎಲ್ಲರೂ ಹಾಗೆಯೇ. ಎರಡಕ್ಕೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಎರಡರಲ್ಲೂ ಅದೇ ಹಸಿರು, ಅದೇ ಮಂಜು. ಸಾಲದ್ದಕ್ಕೆ ಅಂಗಡಿಯ ದೀಪಗಳ ಸುತ್ತ ಬಣ್ಣಬಣ್ಣದ ಬಳೆಯಂಥದ್ದೇನೋ ತೊಡಿಸಿದ್ದಾರೆ, ಗಿರಾಕಿಯ ಕಣ್ಣು ಕುಕ್ಕಲಿ ಎಂದು. ಬೀದಿದೀಪಕ್ಕೂ ಈಚೆಗೆ ಅದನ್ನೇ ತೊಡಿಸುತ್ತಿದ್ದಾರೆ. ಏನು ಶೋಕಿಯೋ.

ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ, ತಲೆಕೆಳಗಾಗಿ ಹಿಂದುಮುಂದಾಗಿ ನಿಂತ ಅಕ್ಷರಗಳನ್ನು ನಾನು ಬೆರಳ ತುದಿಯಲ್ಲೇ ಓದುತ್ತಿದ್ದೆ. ಸೀಸದ ಮೊಳೆಯ ಮೇಲಿನ ಚುಕ್ಕೆ ಚರ್ಮಕ್ಕೆ ತಾಗಿದರೆ ಸಾಕು, ‘ಥ’ ಎಂದುಬಿಡುತ್ತಿದ್ದೆ. ಅಂಥವನ ಮುಂದೆ ಎಲೆಯ ನರವಂತೆ!

ಮಾರ್ಚ್ 9, ಶನಿವಾರ

ಮೋಸದ ವಿಷಯ ಚೂಟಿಗೆ ಹೇಳಿದೆ. ಮೂವತ್ತೆರಡು ಇಂಚಿನ ಸಾಧಾರಣದ್ದೇ ತೆಗೆದುಕೋ, ದೊಡ್ಡದು ದೊಡ್ಡದಾಗಿ ಕಾಣುತ್ತದೆ, ಚುಕ್ಕೆ ಎಣಿಸಿಕೊಂಡು ಯಾರು ಕೂರುತ್ತಾರೆ ಎಂದೆ. ಅಳತೆಗೋಲು ಪತ್ರಿಕೆಯಿಂದ ತಲೆಯೆತ್ತಿದ.

"ಭಾವ, ಕನ್ನಡಕ ಬದಲಾಯಿಸಿ ಎಷ್ಟು ವರ್ಷ ಆಯ್ತು?"

"ಮಾನಿಟರ್ ಮಾತಿಗೆ ಕನ್ನಡಕ ಯಾಕೆ ಬಂತು ಸ್ವಾಮಿ?"

"ಸುಮ್ನೆ ಕೇಳ್ದೆ."

ಸರ್ವೆಯವರು ಸುಮ್ಮನೆ ಏನನ್ನೂ ಕೇಳುವುದಿಲ್ಲ. ಬೇಲಿ ಎಲ್ಲಿ ಒತ್ತಬೇಕು ಎಂದು ನೋಡುತ್ತಿರುತ್ತಾರೆ. ಚೂಟಿ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖ ಸ್ಪಷ್ಟವಾಗಿ ಕಾಣಲಿಲ್ಲ, ಕಿಟಕಿಯ ಬೆಳಕು ಅವಳ ಹಿಂದಿತ್ತು.

ಈ ದಿನಚರಿಯ ಪುಸ್ತಕದ ಗೆರೆಗಳು ಬಹಳ ತೆಳುವಾಗಿವೆ. ಈಗಿನ ಕಂಪನಿಗಳು ಶಾಯಿಯಲ್ಲೂ ಜಿಪುಣತನ ಮಾಡುತ್ತವೆ.

ಮಾರ್ಚ್ 13, ಬುಧವಾರ

ಪ್ರೆಸ್ಸಿನ ಯಜಮಾನರು ಹೊಸ ಕೆಲಸ ಕೊಟ್ಟಿದ್ದಾರೆ. ನಿವೃತ್ತ ಗಣಿತದ ಮೇಷ್ಟ್ರೊಬ್ಬರ ಪುಸ್ತಕ, ನೂರ ಅರವತ್ತು ಪುಟ. ಹೆಸರು ‘ಅರ್ಥವಾಗುವ ಗಣಿತ’. ಒಳಪುಟಗಳು ನನ್ನವು, ಮುಖಪುಟ ಮತ್ತು ಚಿತ್ರಗಳು ಚೂಟಿಯವು. ಪ್ರತಿ ಪುಟದ ನೆತ್ತಿಯ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ ಪುಸ್ತಕದ ಹೆಸರು ಬರಬೇಕೆಂದು ಮೇಷ್ಟ್ರ ಆಸೆ. ಕಂಪ್ಯೂಟರಿನಲ್ಲಿ ಒಂದು ಕಡೆ ಬರೆದರೆ ಎಲ್ಲ ಪುಟಗಳ ಮೇಲೂ ತಾನೇ ಹೋಗಿ ಕೂರುತ್ತದೆ.

ಮೇಷ್ಟ್ರು ನನ್ನ ಕೈ ಹಿಡಿದುಕೊಂಡು, "ಹನ್ನೆರಡು ವರ್ಷದ ಶ್ರಮ ಇದು. ನೀವು ನೋಡ್ತೀರಂತಲ್ಲ, ಅದೇ ಧೈರ್ಯ" ಎಂದರು.

ಈ ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷದಿಂದ ಒಂದು ಪದ್ಧತಿಯಿದೆ. ಕರಡಿನ ಮೂಲೆಯಲ್ಲಿ ನಾನು ‘ನೋಡಿದೆ’ ಎಂದು ಬರೆಯದೆ ಒಂದು ಹಾಳೆಯೂ ಮೆಷೀನು ಹತ್ತುವುದಿಲ್ಲ. ರುಜು ಬೇಡ, ದಿನಾಂಕ ಬೇಡ. ‘ನೋಡಿದೆ’ ಸಾಕು. ಅಳತೆಗೋಲಿನ ಟೇಪಿಗೆ ಇಂಥ ಮರ್ಯಾದೆ ಎಲ್ಲಾದರೂ ಉಂಟೇ?

ಮಾರ್ಚ್ 18, ಸೋಮವಾರ

ಮೇಷ್ಟ್ರ ಪುಟಗಳು ಮುಗಿದವು. ಎರಡು ಸಲ ಓದಿದೆ, ಎರಡು ಸಲ ‘ನೋಡಿದೆ’ ಬರೆದೆ. ತಲೆನೋವು. ಟ್ಯೂಬ್‌ಲೈಟ್ ಬದಲಿಸಿದೆ, ಹೊಸದೂ ಮಬ್ಬು.

ಚಿತ್ರ ಕೂರಿಸಲು ಕಡತವನ್ನು ಚೂಟಿಗೆ ಕಳಿಸಿದ್ದೇನೆ.

ಮಾರ್ಚ್ 21, ಗುರುವಾರ

ಬಂತು. ಇಪ್ಪತ್ತೇಳು ಇಂಚು. ನಾಲ್ಕು ಕೆ. ಅವನು ಹೇಳಿದ್ದೇ.

ಮಾರ್ಚ್ 22, ಶುಕ್ರವಾರ

ನೋಡಲು ಹೋಗಲಿಲ್ಲ.

ಮಾರ್ಚ್ 24, ಭಾನುವಾರ

ಹೋಗಲಿಲ್ಲ. ನಾನು ಗೋಡೆಗೆ ಕಿವಿಕೊಟ್ಟು ನಿಂತಿದ್ದೆ ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು. ಗೋಡೆ ಗಡಿಯಾರ ಸರಿಮಾಡುತ್ತಿದ್ದೆ. ಎರಡು ಮನೆಗೂ ಒಂದೇ ಗೋಡೆ, ಕೇಳಿಸಿದರೆ ನಾನೇನು ಮಾಡಲಿ?

ಸಂಜೆ ಐದರಿಂದ ಕಾರ್ ರೇಸ್. ಇಬ್ಬರೂ ಸೇರಿ. ಮೊದಲು ಅವನ ಧ್ವನಿ: "ಅಯ್ಯೋ, ಎಡಕ್ಕೆ ಎಳೀತಿದೆ ಇದು!" ಆಮೇಲೆ ಡಿಕ್ಕಿ ಹೊಡೆದ ಸದ್ದು. ಆಮೇಲೆ ಚೂಟಿಯ ನಗು. ಹೊಟ್ಟೆ ಹಿಡಿದುಕೊಂಡು ನಗುವ ಆ ನಗು. ನಾನು ಕತೆ ಹೇಳಿದಾಗ ಮಾತ್ರ ಬರುತ್ತಿತ್ತು.

ಆಮೇಲೆ ಅವಳು ಕಿರುಚಿದಳು: "ಬ್ರೇಕ್ ಹಾಕು ಚಿಕ್ಕಪ್ಪಾ! ನೀನು ಬ್ರೇಕೇ ಹಾಕಲ್ವಲ್ಲ!"

ನೀನು.

ಗಡಿಯಾರ ಕೈಜಾರಿ ಬಿತ್ತು. ಐದೂವರೆಗೆ ನಿಂತಿದೆ.

ಮಾರ್ಚ್ 26, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಚೂಟಿ ಗೋಡೆ ಬಡಿದು ಕರೆದಳು. ಮನಸ್ಸು ಹಗುರಾಗಿ ಹೋದೆ. ಹೊಸ ಮಾನಿಟರ್ ಮುಂದೆ ಅವಳು. ಪಕ್ಕದ ಕುರ್ಚಿಯಲ್ಲಿ ಅಳತೆಗೋಲು, ನಾನು ಮರೆತು ಬಂದ ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದು. ಪರದೆಯ ಮೇಲೆ ಮೇಷ್ಟ್ರ ಪುಸ್ತಕದ ಎರಡು ಪುಟ.

"ಮಾವ, ತಲೆಬರಹ ನೋಡು. ‘ಅರ್ಧವಾಗುವ ಗಣಿತ’ ಅಂತ ಇದೆ."

"ಅರ್ಥವಾಗುವ."

"ಅದೇ, ಅರ್ಥ ಅಂತ ಇರ್ಬೇಕಿತ್ತು. ‘ಥ’ ಹೊಟ್ಟೇಲಿ ಚುಕ್ಕೆ ಇಲ್ಲ. ‘ಧ’ ಆಗಿದೆ. ಹಳೇ ಸ್ಕ್ರೀನಲ್ಲಿ ಇಷ್ಟು ಸಣ್ಣ ಅಕ್ಷರ ಎಲ್ಲಾ ಕಲಸಿಹೋಗ್ತಿತ್ತು. ಇದ್ರಲ್ಲಿ ನೋಡಿದ ತಕ್ಷಣ ಕಂಡ್ತು."

ಬಗ್ಗಿ ನೋಡಿದೆ. ನೆತ್ತಿಯ ಮೇಲೆ ಬೂದುಬಣ್ಣದ ಒಂದು ಸಾಲು ಇತ್ತು. "ಚುಕ್ಕೆ ಇದೆ. ನಾನೇ ಹಾಕಿದ್ದು. ನಿನ್ನ ಪರದೆ ನುಂಗಿದೆ."

"ನೂರ ಅರವತ್ತು ಪುಟದಲ್ಲೂ ನುಂಗಿದ್ಯಾ?"

"ಹೊಸದಲ್ವಾ, ಹಸಿವು ಜಾಸ್ತಿ ಇರ್ಬೇಕು."

ಅಳತೆಗೋಲು ಫಕ್ಕನೆ ನಕ್ಕ. ನಾನು ಹೇಳಿದ ಮಾತಿಗೇ ನಕ್ಕ, ಆದರೂ ನನಗೆ ತಡೆಯಲಾಗಲಿಲ್ಲ. "ಭೂಮಿ ಅಳೆದವರಿಗೆ ಅಕ್ಷರದ ವಿಷಯ ಏನು ಗೊತ್ತು? ನೀವು ತಂದ ಡಬ್ಬಿ ಚುಕ್ಕೆ ತಿನ್ನುತ್ತೆ, ಈ ಮನೆಯವರ ಬುದ್ಧೀನೂ ತಿನ್ನುತ್ತೆ" ಎಂದೆ. ಅಕ್ಕ ಒಳಗಿನಿಂದ ಹೊರಗೆ ಬಂದಳು.

ಚೂಟಿ ಎದ್ದು ನಿಂತಳು. "ಚಿಕ್ಕಪ್ಪನ್ನ ಬಯ್ಯೋದು ಬೇಡ. ನೀವು ಒಂದ್ಸಲ ದೊಡ್ಡದು ಮಾಡಿ ನೋಡಿ."

ನೀವು. ನೋಡಿ.

ಹುಟ್ಟಿದ ಮೇಲೆ ಒಂದು ದಿನವೂ ಅವಳು ನನಗೆ ಹಾಗೆ ಅಂದವಳಲ್ಲ. ಮನೆಗೆ ಬಂದೆ. ಅವಳು ಚಿತ್ರ ಕೂರಿಸಿಕೊಟ್ಟಿದ್ದ ಕಡತವನ್ನು ಪ್ರೆಸ್ಸಿಗೆ ಕಳಿಸಿದೆ. ಕೆಳಗೆ ಬರೆದೆ: ‘ನೋಡಿದೆ.’

ಮಾರ್ಚ್ 27, ಬುಧವಾರ

ಬೆಳಿಗ್ಗೆ ನನ್ನ ಚೌಕ ಮಾನಿಟರಿನಲ್ಲಿ ಆ ಸಾಲನ್ನು ದೊಡ್ಡದು ಮಾಡಿ ನೋಡಿದೆ. ಬೂದು ಮಚ್ಚೆ. ಇನ್ನೂ ದೊಡ್ಡದು ಮಾಡಿದೆ. ದೊಡ್ಡ ಬೂದು ಮಚ್ಚೆ. ಅದೇ ಚುಕ್ಕೆ ಎಂದುಕೊಂಡೆ. ಆದರೆ ಪಕ್ಕದ ‘ಗ’ದ ಮೇಲೂ ಅದೇ ಮಚ್ಚೆ ಇತ್ತು. ‘ಗ’ಕ್ಕೆ ಯಾವ ಶಾಲೆಯಲ್ಲೂ ಚುಕ್ಕೆಯಿಲ್ಲ.

ಚೂಟಿ ಹೊರಗೆ ಹೋದದ್ದನ್ನು ಕಿಟಕಿಯಿಂದ ನೋಡಿಕೊಂಡು ಅವಳ ಕೋಣೆಗೆ ಹೋದೆ. ಆ ಹಾಳು ಮಾನಿಟರ್ ಹಚ್ಚಿದೆ. ಒಂದು ಅಕ್ಷರ ಊಟದ ತಟ್ಟೆಯಷ್ಟಾಗುವ ತನಕ ದೊಡ್ಡದು ಮಾಡಿದೆ. ಮೂಗು ಗಾಜಿಗೆ ತಾಗಿತು. ತಟ್ಟೆಯ ನಡುವೆ ಬಿಳಿ. ಬರೀ ಬಿಳಿ. ಬೆರಳಿಟ್ಟು ಸವರಿದೆ. ಮೊಳೆಯಾಗಿದ್ದರೆ ಬೆರಳೇ ಹೇಳಿಬಿಡುತ್ತಿತ್ತು. ಗಾಜು ಏನೂ ಹೇಳಲಿಲ್ಲ.

‘ಥ’ ಒತ್ತುವ ಕಡೆ ‘ಧ’ ಒತ್ತಿದ್ದೇನೆ. ಒಂದೇ ಸಲ. ನೂರ ಅರವತ್ತು ಪುಟಕ್ಕೆ.

ಹಿಂದೆ ಯಾರೋ ಕೆಮ್ಮಿದರು. ಬಾಗಿಲಲ್ಲಿ ಅಳತೆಗೋಲು. ಈಗ ನಗುತ್ತಾನೆ, ನಗಲಿ, ಅವನ ದಿನ ಇದು ಎಂದುಕೊಂಡೆ.

"ಯಾವಾಗ ಮೆಷೀನು ಹತ್ತುತ್ತೆ ಭಾವ?"

"ಹನ್ನೊಂದಕ್ಕೆ."

ಅವನು ಗಡಿಯಾರ ನೋಡಿದ. ನಾನೂ ನೋಡಿದೆ, ಮುಳ್ಳು ಕಾಣಲಿಲ್ಲ. "ಹತ್ತು ಮುಕ್ಕಾಲು. ಚಪ್ಪಲಿ ಹಾಕ್ಕೊಳ್ಳಿ, ಸ್ಕೂಟರ್ ತೆಗೀತೀನಿ."

ಆಟದಲ್ಲಿ ಬ್ರೇಕು ಹಾಕದ ಮನುಷ್ಯ ಬೀದಿಯಲ್ಲಿ ಪ್ರತಿ ತಿರುವಿಗೂ ಹಾಕುತ್ತಾನೆ. ಬೈದುಕೊಂಡೆ, ಮನಸ್ಸಿನಲ್ಲಿ.

ಪ್ರೆಸ್ಸಿನೊಳಗೆ ಹೋಗುವಷ್ಟರಲ್ಲಿ ಸದ್ದು ಶುರುವಾಗಿತ್ತು. ಮೊದಲ ಹದಿನಾರು ಪುಟಗಳ ಹಾಳೆಗಳು ಒಂದರ ಮೇಲೊಂದು ಬೀಳುತ್ತಿದ್ದವು. "ನಿಲ್ಲಿಸಿ!" ಎಂದು ಕೂಗಿದೆ. ಯಜಮಾನರು ಹೊರಗೆ ಬಂದರು.

"ಏನಾಯ್ತು? ಚೂಟಿ ಚಿತ್ರ ತಪ್ಪು ಕೂರಿಸಿದ್ಲಾ?"

ಬಾಯಿ ತೆರೆದೆ. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅಳತೆಗೋಲು ಪಕ್ಕದಲ್ಲೇ ನಿಂತು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ.

"ನನ್ನ ತಪ್ಪು. ಅರ್ಥ ಹೋಗಿ ಅರ್ಧ ಆಗಿದೆ. ಅವಳು ನಿನ್ನೇನೇ ಹೇಳಿದ್ಲು. ನಾನು ನೋಡಿದೆ ಅಂತ ಬರೆದೆ. ನೋಡಿರಲಿಲ್ಲ. ನಂಗೆ... ಕಾಣ್ತಿಲ್ಲ."

ಮೆಷೀನು ನಿಂತಿತು. ಅದು ನಿಂತ ಮೇಲೆ ಪ್ರೆಸ್ಸು ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ.

ಒಂದು ವಿಷಯ ಮಾತ್ರ ದಾಖಲಾಗಲಿ: ಆ ಗದ್ದಲದಲ್ಲಿ ನನ್ನ ಕೂಗು ಮೂಲೆಯ ಮೆಷೀನಿನವನಿಗೂ ಕೇಳಿಸಿತಂತೆ. ಗಂಟಲಿಗೆ ಇನ್ನೂ ಏನೂ ಆಗಿಲ್ಲ.

ಮಾರ್ಚ್ 28, ಗುರುವಾರ

ಮೇಷ್ಟ್ರ ಮನೆಗೆ ಕ್ಷಮೆ ಕೇಳಲು ಹೋಗಿದ್ದೆ. ಒಬ್ಬನೇ ಹೋಗಬೇಕೆಂದಿದ್ದೆ. ಸ್ಕೂಟರ್ ಬಾಗಿಲಲ್ಲೇ ನಿಂತಿತ್ತು.

ಮೇಷ್ಟ್ರು ಹಾಳಾದ ಹಾಳೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಕೊನೆಗೆ, "ಮೂವತ್ನಾಲ್ಕು ವರ್ಷ ಪಾಠ ಮಾಡಿದ್ದೀನಿ. ಮಕ್ಕಳಿಗೆ ನಿಜವಾಗಿ ಅರ್ಧಾನೇ ಆಗಿದ್ದು. ಇಷ್ಟು ಸತ್ಯ ಬರೆಯೋ ಧೈರ್ಯ ನಂಗೇ ಇರ್ಲಿಲ್ಲ" ಎಂದರು. ಆ ಹಾಳೆಯನ್ನು ಕಟ್ಟು ಹಾಕಿಸಿ ಗೋಡೆಗೆ ಹಾಕುತ್ತಾರಂತೆ.

ನಾವು ಮೂವರೂ ನಕ್ಕೆವು. ನಾನು ಸ್ವಲ್ಪ ಜಾಸ್ತಿಯೇ ನಕ್ಕೆ, ಕಣ್ಣೀರು ಬಂತು.

ಚೂಟಿ ಗೋಡೆ ಬಡಿಯಲಿಲ್ಲ.

ಮಾರ್ಚ್ 30, ಶನಿವಾರ

ಕಣ್ಣಿನ ಡಾಕ್ಟರ್ ಹತ್ತಿರ ಹೋಗಿದ್ದೆವು. ಎರಡೂ ಕಣ್ಣಿಗೆ ಪೊರೆ ಬಂದಿದೆಯಂತೆ. ಬಲಗಣ್ಣಿನದು ಹಣ್ಣಾಗಿದೆಯಂತೆ. "ಇಷ್ಟು ದಿನ ಹೇಗೆ ಕೆಲಸ ಮಾಡಿದ್ರಿ?" ಎಂದು ಡಾಕ್ಟರೇ ಆಶ್ಚರ್ಯಪಟ್ಟರು. ಅನುಭವ ಎಂದೆ.

ದೀಪದ ಸುತ್ತ ಬಳೆ ಕಾಣುತ್ತದೆಯೇ ಎಂದೂ ಕೇಳಿದರು. ಅಂಗಡಿಯಾಕೆಯನ್ನು ಒಂದು ಸಲ ಹೋಗಿ ಮಾತನಾಡಿಸಬೇಕು.

ಗೋಡೆಯ ಮೇಲಿನ ಅಕ್ಷರದ ಪಟ್ಟಿ ಓದಲು ಕೂರಿಸಿದಾಗ ಚೂಟಿಯ ಚಿಕ್ಕಪ್ಪ ಜೇಬಿನಿಂದ ಟೇಪು ತೆಗೆದು ಕುರ್ಚಿಯಿಂದ ಗೋಡೆಗೆ ಅಳೆದರು. ಅರ್ಧ ಅಡಿ ಕಮ್ಮಿ ಇದೆ ಎಂದು ಡಾಕ್ಟರ ಜೊತೆ ವಾದಕ್ಕೇ ನಿಂತರು. ನನ್ನ ಪರವಾಗಿ. ಮಾನ ಹೋಯಿತು. ಕುರ್ಚಿ ಹಿಂದೆ ಸರಿಸಿದ ಮೇಲೆ ಮೊದಲು ಕಂಡ ಒಂದು ಸಾಲೂ ಕಾಣಲಿಲ್ಲ.

ಏಪ್ರಿಲ್ 10, ಬುಧವಾರ

ಬಲಗಣ್ಣಿನ ಆಪರೇಷನ್ ಆಯಿತು. ಕಟ್ಟು ಕಟ್ಟಿದ್ದಾರೆ. ಬರೆಯಬೇಡಿ ಎಂದಿದ್ದಾರೆ. ಬರೆಯುತ್ತಿಲ್ಲ.

ಏಪ್ರಿಲ್ 11, ಗುರುವಾರ

ಸಂಜೆ ಅಕ್ಕನ ಮನೆಯ ನಡುಮನೆಯಲ್ಲಿ ಮಲಗಿದ್ದೆ. ಫ್ಯಾನು ಗಾಳಿಯ ಶಬ್ದ ಮಾಡುತ್ತಿತ್ತು. ಕಣ್ಣಿಗೆ ಔಷಧದ ಹನಿ ಹಾಕಲು ಚೂಟಿ ಬಂದಳು. ಹನಿ ಕೆನ್ನೆಗೆ ಬಿತ್ತು.

"ಅಲ್ಲಾಡ್ಬೇಡ. ಸುಮ್ನೆ ಮಲಕ್ಕೋ."

"ಚಿಕ್ಕಪ್ಪನ ಕೈಲಿ ಹಾಕಿಸ್ಕೋತೀನಿ ಬಿಡು, ಅವರಿಗಾದ್ರೆ ಅಳತೆ ಗೊತ್ತು."

"ಬಾಯಿ ಮುಚ್ಚು ಮಾವ. ಬಾಯಿಗೆ ಬೀಳುತ್ತೆ."

ಎರಡನೇ ಹನಿ ಸರಿಯಾಗಿ ಬಿತ್ತು. ಉರಿ. ಆಮೇಲೆ ತಂಪು.

ಏಪ್ರಿಲ್ 20, ಶನಿವಾರ

ಇವತ್ತು ಎಲ್ಲರೂ ಚೂಟಿಯ ಮಾನಿಟರ್ ಮುಂದೆ ಸೇರಿದ್ದೆವು. ಹಸಿರು ಎಂದರೆ ಇಷ್ಟೊಂದು ಹಸಿರಿರುತ್ತದೆ ಎಂಬುದನ್ನು ಮರೆತೇಬಿಟ್ಟಿದ್ದೆ. ಮೇಷ್ಟ್ರ ಪುಸ್ತಕದ ತಿದ್ದಿದ ಪುಟ ತೆರೆದಿದ್ದಳು. ದೊಡ್ಡದು ಮಾಡಲು ಬಿಡಲಿಲ್ಲ. ಚಿಕ್ಕಪ್ಪ ನನ್ನ ಮೂಗಿನಿಂದ ಟೇಪು ಹಿಡಿದರು, ಎರಡೂವರೆ ಅಡಿ. ಕುರ್ಚಿ ಅಲ್ಲೇ ಇಟ್ಟರು.

"ಕಾಣ್ತಾ?" ಎಂದಳು ಚೂಟಿ.

ನೆತ್ತಿಯ ಮೇಲೆ ಇರುವೆ ಸಾಲು. ಒಂದನೇ ತರಗತಿಯಲ್ಲಿ ನಮ್ಮೂರ ಶಾಲೆಯ ಮೇಷ್ಟ್ರು ಸೀಮೆಸುಣ್ಣದಿಂದ ಟಕ್ ಎಂದು ಕುಟ್ಟಿ ಇಡುತ್ತಿದ್ದ ಹಾಗೆ, ‘ಥ’ದ ಹೊಟ್ಟೆಯ ನಟ್ಟನಡುವೆ ಒಂದು ಚುಕ್ಕೆ.

"ಯಾವ ಮಾನಿಟರೋ ಇದು, ಚೆನ್ನಾಗಿದೆ. ನಾನು ಅವತ್ತೇ ಹೇಳ್ಲಿಲ್ವಾ?" ಎಂದೆ.

"ಏನು ಹೇಳಿದ್ದೆ ನೀನು?" ಅಕ್ಕ ಕೇಳಿದಳು. ಅವಳಿಗೆ ಏನೂ ಮರೆಯುವುದಿಲ್ಲ.

ಸಂಜೆ ಕಾರ್ ರೇಸಿಗೆ ನನಗೂ ಒಂದು ಕಂಟ್ರೋಲರ್ ಕೊಟ್ಟರು. ಚೂಟಿ ಗೆದ್ದಳು, ಅವಳ ಚಿಕ್ಕಪ್ಪ ಎರಡನೆಯವರು, ನಾನು ಮೊದಲ ತಿರುವಿನಲ್ಲೇ ಹೊಳೆಗೆ. ಹೊಳೆಯ ನೀರು ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ನೋಡಲು ಬೇಕೆಂದೇ ಹೋದದ್ದು. ನಾಳೆ ಗೆದ್ದು ತೋರಿಸುತ್ತೇನೆ.

ಎಡಗಣ್ಣು ಮುಂದಿನ ತಿಂಗಳು. ನನ್ನ ಚೌಕ ಮಾನಿಟರ್ ಬದಲಿಸಬೇಕಂತೆ. ಯಾವುದು ಒಳ್ಳೆಯದು ಎಂದು ನಾಳೆ ಬೆಳಿಗ್ಗೆ ಅವರನ್ನು ಕೇಳಬೇಕು. ಸುಮ್ಮನೆ ಕೇಳುವುದು, ಅಷ್ಟೇ.

ಇನ್ನೊಂದು. ಪಕ್ಕದಲ್ಲಿ ಕೂತಾಗ ಗೊತ್ತಾಯಿತು, ಆ ಮನುಷ್ಯರು ಮೀಸೆಗೆ ಬಣ್ಣ ಹಚ್ಚುತ್ತಾರೆ. ಬಲಗಡೆ ಬೇರಿನಲ್ಲಿ ಎರಡು ಬಿಳಿ ಕೂದಲು ಬಿಟ್ಟುಹೋಗಿವೆ.

ನೋಡಿದೆ.